ಅಮ್ಮನಿಗೆ ರೆಕ್ಸಿನ್ ಎಂದು ಹೇಳಿದ್ದ ಸೀಟು

ಅಮ್ಮನ ಎರಡೂ ಮಂಡಿಗಳಿಗೆ ಆಪರೇಷನ್ ಆದ ವರ್ಷ ನಾವು ಕಾರು ಕೊಂಡೆವು. ಅಲ್ಲಿಯವರೆಗೆ ಅದರ ಅಗತ್ಯ ಬಿದ್ದಿರಲಿಲ್ಲ. ದೆಹಲಿಯ ಮಯೂರ್ ವಿಹಾರ್‌ನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಿಂದ ನೋಯ್ಡಾದ ನನ್ನ ಆಫೀಸಿಗೆ ಮೆಟ್ರೋ ಇತ್ತು, ಗಂಡನಿಗೆ ಕಂಪನಿಯ ಕ್ಯಾಬ್ ಬರುತ್ತಿತ್ತು, ಮಗಳಿಗೆ ಸ್ಕೂಲ್ ಬಸ್ಸು. ಆದರೆ ಈಗ ವಾರಕ್ಕೆ ಮೂರು ದಿನ ಅಮ್ಮನನ್ನು ಆಟೋದಲ್ಲಿ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಬೇಕಾಯಿತು. ರಸ್ತೆಯ ಒಂದೊಂದು ಉಬ್ಬಿಗೂ ಅವಳು ತುಟಿ ಕಚ್ಚಿಕೊಂಡು ನನ್ನ ಮುಂಗೈ ಹಿಂಡುತ್ತಿದ್ದಳು. ಮನೆಗೆ ಬಂದ ಮೇಲೂ ಅವಳ ಉಗುರಿನ ಗುರುತು ಕೈಮೇಲೆ ಉಳಿದಿರುತ್ತಿತ್ತು. ಬಾಯಿಬಿಟ್ಟು ನೋವು ಎನ್ನುವವಳಲ್ಲ. ಮೈಸೂರಿನ ಕಡೆಯ ಸಣ್ಣ ಊರಿನಲ್ಲಿ ಜೀವಮಾನವೆಲ್ಲ ಸರ್ಕಾರಿ ಶಾಲೆಯ ಟೀಚರಾಗಿದ್ದವಳು. ಅಳುವ ಮಕ್ಕಳನ್ನು ಸುಮ್ಮನಾಗಿಸಿ ಅಭ್ಯಾಸವಾಗಿ ತಾನೂ ಅಳುವುದನ್ನು ಬಿಟ್ಟಿದ್ದಳು.

ನಮ್ಮ ಸೊಸೈಟಿಯಲ್ಲೇ ಇದ್ದ ಒಬ್ಬರು ವಿದೇಶಕ್ಕೆ ವರ್ಗವಾಗಿ ಹೊರಟಿದ್ದರು. ಅವರ ಕಾರು ನಮ್ಮ ಕೈಗೆಟಕುವ ಬೆಲೆಗೆ ಸಿಕ್ಕಿತು. ಎತ್ತರದ ಸೀಟು, ಅಗಲ ಬಾಗಿಲು, ಮಂಡಿ ಮಡಿಸದೆ ಹತ್ತಿ ಕೂರಬಹುದು. ಅಮ್ಮನಿಗೆ ಹೇಳಿ ಮಾಡಿಸಿದ ಹಾಗಿತ್ತು. ತೊಡಕು ಒಂದೇ. ಆ ಮನುಷ್ಯ ಶೋಕಿಗೆ ಅಸಲಿ ಚರ್ಮದ ಸೀಟು ಹಾಕಿಸಿದ್ದರು. ತಿಳಿಗಂದು ಬಣ್ಣದ, ಹೊಲಿಗೆಯ ಸಾಲು ಎದ್ದು ಕಾಣುವ, ಮುಟ್ಟಿದರೆ ಬೆರಳು ಜಾರುವಷ್ಟು ನಯವಾದ ಸೀಟು.

ಅಮ್ಮ ಚರ್ಮ ಮುಟ್ಟುವವಳಲ್ಲ. ಅವಳ ಕೈಚೀಲ ಬಟ್ಟೆಯದು, ಚಪ್ಪಲಿ ರಬ್ಬರಿನದು, ಗಡಿಯಾರಕ್ಕೆ ಸ್ಟೀಲ್ ಪಟ್ಟಿ. ನಿವೃತ್ತಿಯ ದಿನ ಶಾಲೆಯವರು ಕೊಟ್ಟ ಪರ್ಸನ್ನು ತಟ್ಟೆಯಿಂದ ಎತ್ತಿಕೊಳ್ಳದೆ, ಪಕ್ಕದಲ್ಲಿದ್ದವರ ಕೈಗೆ ತಟ್ಟೆ ಸಮೇತ ದಾಟಿಸಿದ್ದಳು. ಅದನ್ನು ನಾವು ಮಕ್ಕಳೆಲ್ಲ ತಮಾಷೆಯಾಗಿ ಹೇಳಿಕೊಂಡು ನಗುತ್ತಿದ್ದೆವು. ಅದರಲ್ಲಿ ನಗುವಂಥದ್ದೇನಿದೆ ಎಂದು ಆಗ ಯಾರೂ ಕೇಳಿಕೊಂಡಿರಲಿಲ್ಲ.

ಕಾರು ಬಂದ ದಿನ ಅಮ್ಮನೇ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಡಿಸಿದಳು. ಆಮೇಲೆ ನಿಧಾನಕ್ಕೆ ಹತ್ತಿ ಕೂತು ಸೀಟಿನ ಮೇಲೆ ಅಂಗೈ ಆಡಿಸಿದಳು.

"ಇದೇನೇ, ಇಷ್ಟು ಮೆತ್ತಗಿದೆ?"

"ರೆಕ್ಸಿನ್ ಅಮ್ಮ," ಎಂದೆ. "ಈಗಿನ ರೆಕ್ಸಿನ್ ಹೀಗೇ ಬರೋದು."

ಮುಂದೆ ಕೂತಿದ್ದ ಗಂಡ ಕಿಟಕಿಯ ಹೊರಗೆ ನೋಡಿದರು. ಅಮ್ಮ, "ಚೆನ್ನಾಗಿದೆ ಕಣೇ" ಎಂದು ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದಳು. ಅವಳ ಮುಖದ ಆ ನೆಮ್ಮದಿ ನೋಡಿ ನನ್ನ ಸುಳ್ಳು ನನಗೆ ಪುಣ್ಯದ ಕೆಲಸವೆಂದೇ ಅನ್ನಿಸಿತು.

ಆದರೆ ಚರ್ಮ ಸುಮ್ಮನಿರುವ ವಸ್ತುವಲ್ಲ. ನಮ್ಮ ಪಾರ್ಕಿಂಗ್‌ಗೆ ಚಾವಣಿ ಇಲ್ಲ. ಮೇ ತಿಂಗಳ ಬಿಸಿಲಿನಲ್ಲಿ ನಿಂತ ಕಾರಿನ ಬಾಗಿಲು ತೆರೆದರೆ ಒಳಗಿನಿಂದ ಬಿಸಿ ಗಾಳಿಯ ಜೊತೆ ಚರ್ಮದ ವಾಸನೆ ಮುಖಕ್ಕೆ ಬಡಿಯುತ್ತಿತ್ತು. "ಏನೋ ಒಂಥರಾ ವಾಸನೆ" ಎಂದು ಅಮ್ಮ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದಳು. ಹಿಂದಿನ ಮಾಲೀಕರು ಬಿಟ್ಟುಹೋಗಿದ್ದ, ಸೀಟಿಗೆ ಹಚ್ಚುವ ದುಬಾರಿ ಕ್ರೀಮಿನ ಬಾಟಲಿ ಎರಡು ತಿಂಗಳಲ್ಲಿ ಮುಗಿಯಿತು. ಆಮೇಲೆ ಸೀಟು ಒಣಗತೊಡಗಿತು. ಅಂಚುಗಳಲ್ಲಿ ಅಂಗಾಲು ಬಿರಿದ ಹಾಗೆ ಸಣ್ಣ ಗೆರೆಗಳು ಬಂದವು. ಬಿಟ್ಟರೆ ಒಡೆದುಹೋಗುತ್ತದೆ, ಹೊಸದು ಹಾಕಿಸುವ ಶಕ್ತಿ ನಮಗಿಲ್ಲ.

ಹಾಗಾಗಿ ನನ್ನ ಹುಡುಕಾಟ ಶುರುವಾಯಿತು. ನನಗೆ ಬೇಕಾಗಿದ್ದದ್ದು ತಿಂಗಳು ತಿಂಗಳೂ ಹಚ್ಚಿದರೂ ಭಾರವಾಗದಂಥ ಅಗ್ಗದ ವಸ್ತು, ಮತ್ತು ಅದಕ್ಕೆ ಚರ್ಮದ ವಾಸನೆ ಇರಬಾರದು. ಕರೋಲ್ ಬಾಗ್‌ನಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಗೆ ಹೋದೆ. ಅಂಗಡಿಯವನು ಒಂದರ ಹಿಂದೊಂದು ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದ. "ಸೂಂಘಿಯೇ ಮೇಡಂ, ಬಿಲ್ಕುಲ್ ನಯೇ ಲೆದರ್ ಕೀ ಖುಷ್ಬೂ" ಎಂದ. ಹೊಸ ಚರ್ಮದ ಘಮವೇ ಅವನ ಸರಕಿನ ಹೆಚ್ಚುಗಾರಿಕೆ. ಘಮವಿಲ್ಲದ್ದು ಬೇಕು ಎಂದಾಗ, ಉಪ್ಪಿಲ್ಲದ ಉಪ್ಪಿನಕಾಯಿ ಕೇಳಿದವಳನ್ನು ನೋಡುವ ಹಾಗೆ ನೋಡಿದ. ಕೊನೆಗೆ ಡ್ಯಾಶ್‌ಬೋರ್ಡಿಗೆ ಹೊಡೆಯುವ ಒಂದು ಸ್ಪ್ರೇ ಕೊಟ್ಟು, "ಇದೇ ಸಾಕು, ಸಸ್ತಾ" ಎಂದು ಕಳಿಸಿದ.

ಅದನ್ನು ಹೊಡೆದ ಮಾರನೆಯ ದಿನ ಸೀಟು ಗಾಜಿನ ಹಾಗೆ ಹೊಳೆಯಿತು. ಫ್ಲೈಓವರ್ ಇಳಿಯುವಾಗ ಬ್ರೇಕ್ ಹಾಕಿದೆ, ಅಮ್ಮ ಸೀರೆ ಸಮೇತ ಮುಂದಕ್ಕೆ ಜಾರಿ ಮಂಡಿ ಮುಂದಿನ ಸೀಟಿಗೆ ತಗುಲಿತು. ಅವಳು ಕೂಗಲಿಲ್ಲ. ಕನ್ನಡಿಯಲ್ಲಿ ನೋಡಿದೆ, ಕಣ್ಣಲ್ಲಿ ನೀರು ತುಂಬಿತ್ತು. ಆ ಸ್ಪ್ರೇ ಡಬ್ಬಿಯನ್ನು ಕಸಕ್ಕೆ ಹಾಕಿದೆ. ಆಮೇಲೆ ನನ್ನದೇ ಬುದ್ಧಿ ಓಡಿಸಿ ಕೊಬ್ಬರಿ ಎಣ್ಣೆ ಹಚ್ಚಿದೆ. ಅಲ್ಲಲ್ಲಿ ಕಪ್ಪು ಮಚ್ಚೆ ಎದ್ದಿತು, ದೆಹಲಿಯ ಧೂಳೆಲ್ಲ ಬಂದು ಅಂಟಿತು, ವಾರ ಕಳೆಯುವುದರೊಳಗೆ ಕಾರಿಗೆ ಮುಗ್ಗಲು ವಾಸನೆ ಹಿಡಿಯಿತು.

ಆಗ ನೆರವಿಗೆ ಬಂದವರು ನಮ್ಮ ಸೊಸೈಟಿಯಲ್ಲಿ ಕಾರು ಒರೆಸುವ ಭಯ್ಯಾ. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಬೆಳಿಗ್ಗೆ ಐದಕ್ಕೆಲ್ಲ ತ್ರಿಲೋಕಪುರಿಯಿಂದ ಸೈಕಲ್‌ನಲ್ಲಿ ಬಂದು ಎರಡು ಸಾಲು ಕಾರು ಒರೆಸುತ್ತಿದ್ದರು. ಮನೆಯಲ್ಲಿ ಕನ್ನಡದಲ್ಲಿ ಮಾತಾಡುವಾಗ ನಾವೆಲ್ಲ ಅವರನ್ನು "ಬಂದ, ಹೋದ" ಎಂದೇ ಹೇಳುತ್ತಿದ್ದದ್ದು. ಇಲ್ಲಿ ಬರೆಯುವಾಗ ಬಹುವಚನ ಬಳಸುತ್ತಿದ್ದೇನೆ. ಬರೆಯುವಾಗ ಮರ್ಯಾದೆ ಕೊಡುವುದು ಸುಲಭ.

ಅವರು ನನ್ನ ಎಣ್ಣೆಯ ಮಚ್ಚೆಗಳನ್ನು ನೋಡಿ ನಾಲಿಗೆ ಲೊಚಗುಟ್ಟಿದರು. "ತೇಲ್ ನಹೀಂ ಲಗಾತೇ ಮೇಡಂ. ಚಮಡಾ ಹೈ, ಪಾಪಡ್ ಥೋಡೀ ಹೈ." ಚರ್ಮ ಇದು, ಹಪ್ಪಳವಲ್ಲ ಎಣ್ಣೆಗೆ ಹಾಕಲು ಎಂದು ನಕ್ಕರು. ಮುಂದಿನ ಭಾನುವಾರ ಒಂದು ಪ್ಲಾಸ್ಟಿಕ್ ಡಬ್ಬಿ ತಂದರು. ಮೇಲೆ ಲೇಬಲ್ ಇಲ್ಲ, ಹೆಸರಿಲ್ಲ. ಒಳಗೆ ಬೆಣ್ಣೆಯಂಥ ಬಿಳಿ ಕ್ರೀಮ್. ಆಗ್ರಾದಲ್ಲಿ ಅವರ ಭಾವಮೈದುನ ಕೆಲಸ ಮಾಡುವ ಬೂಟಿನ ಕಾರ್ಖಾನೆಯಲ್ಲಿ ತಯಾರಾದ ಬೂಟಿಗೆ ಕೊನೆಗೆ ಹಚ್ಚುವುದು ಇದನ್ನೇ ಅಂತೆ. ನಾನು ಮೂಗಿನ ಹತ್ತಿರ ಹಿಡಿದೆ. ಮೇಣದ ಸಣ್ಣ ವಾಸನೆ ಬಿಟ್ಟರೆ ಏನೂ ಇಲ್ಲ. ಬೆಲೆ, ಮಗಳು ತರಿಸಿಕೊಳ್ಳುವ ಒಂದು ಪಿಜ್ಜಾಕ್ಕಿಂತ ಕಡಿಮೆ. ಒಂದು ಡಬ್ಬಿ ಆರು ತಿಂಗಳು ಬರುತ್ತದೆ ಎಂದರು. ಬಂತು ಕೂಡ.

ಹಚ್ಚುವ ಕ್ರಮವನ್ನೂ ಅವರೇ ಕಲಿಸಿದರು. ಮೊದಲು ಯಾರಿಗೂ ಕಾಣದ ಕಡೆ, ಸೀಟಿನ ಅಡಿಯಂಚಿಗೆ ಚೂರು ಹಚ್ಚಿ ಒಂದು ದಿನ ಬಿಟ್ಟು ನೋಡಬೇಕು, ಬಣ್ಣ ಬಿಡುತ್ತದೋ ಎಂದು. ಆಮೇಲೆ ಮಗುವಿಗೆ ಹಾಕುವ ಶಾಂಪೂವನ್ನು ಎರಡು ಹನಿ ನೀರಿಗೆ ಬಿಟ್ಟು, ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಬೇಕು. ಒಣಗಲು ಬಿಡಬೇಕು, ಆದರೆ ನೆರಳಿನಲ್ಲಿ. ಆಮೇಲೆ ಕಡಲೆಕಾಳಿನಷ್ಟು ಕ್ರೀಮ್ ತೆಗೆದುಕೊಂಡು ವೃತ್ತ ವೃತ್ತವಾಗಿ ತಿಕ್ಕಬೇಕು. ಕಾಲು ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಚಳಿಗಾಲದಲ್ಲಿ ಎರಡು ತಿಂಗಳಿಗೊಮ್ಮೆ. "ಜ್ಯಾದಾ ಮತ್ ಲಗಾನಾ," ಎಂದು ಎಚ್ಚರಿಸಿದರು. ಹೆಚ್ಚು ಹಚ್ಚಿದರೆ ಚರ್ಮಕ್ಕೆ ಉಸಿರು ಕಟ್ಟುತ್ತದಂತೆ. ಅವರು ತಿಕ್ಕುವುದನ್ನು ನೋಡುತ್ತ ನಿಂತಿದ್ದೆ. ಕಾರಿನ ಹೊರಮೈ ಒರೆಸುವಾಗ ಇರುತ್ತಿದ್ದ ಅವಸರ ಆ ಕೈಗಳಲ್ಲಿ ಇರಲಿಲ್ಲ.

"ಇದೆಲ್ಲ ಎಲ್ಲಿ ಕಲಿತಿರಿ ಭಯ್ಯಾ?" ಎಂದು ಹಿಂದಿಯಲ್ಲಿ ಕೇಳಿದೆ.

"ಕಲಿಯೋದೇನು ಮೇಡಂ, ಬಾಪ್-ದಾದಾ ಕಾ ಕಾಮ್ ಹೈ. ನಾನೂ ಮದುವೆ ಆಗೋವರೆಗೂ ಇದನ್ನೇ ಮಾಡ್ತಿದ್ದೆ," ಎಂದರು. ತಂದೆ ತಾತಂದಿರ ಕಾಲದಿಂದ ಬಂದ ಕಸುಬು.

"ಅಚ್ಛಾ, ಅಚ್ಛಾ," ಎಂದೆ. ಎಂದವಳೇ ತಲೆಯೆತ್ತಿ ಮೂರನೇ ಮಹಡಿಯ ನಮ್ಮ ಬಾಲ್ಕನಿಯ ಕಡೆ ನೋಡಿದೆ. ಅಮ್ಮ ಅಲ್ಲಿ ಕೂದಲು ಒಣಗಿಸಿಕೊಳ್ಳುತ್ತ ನಿಂತಿದ್ದಳು. ಅವಳಿಗೆ ಕೇಳಿಸುವಷ್ಟು ಹತ್ತಿರವೇನೂ ಅಲ್ಲ. ಆದರೂ ನೋಡಿದೆ. ಆ ಕ್ಷಣದಲ್ಲೇ ಭಯ್ಯಾಗೆ ಒಂದು ಮಾತು ಹೇಳಿಬಿಡಬೇಕಿತ್ತು, ನಮ್ಮಮ್ಮನ ಎದುರಿಗೆ ಇದು ಚರ್ಮ ಎನ್ನಬೇಡಿ ಎಂದು. ಹೇಳಿದರೆ ಏಕೆಂದೂ ಹೇಳಬೇಕಾಗುತ್ತಿತ್ತು. ಅದನ್ನು ಅವರ ಮುಖ ನೋಡಿ ಹೇಳಲು ನನಗೆ ನಾಚಿಕೆಯಾಯಿತು. ನನ್ನ ಮರ್ಯಾದೆ ಉಳಿಸಿಕೊಂಡು ಡಬ್ಬಿಯ ಮುಚ್ಚಳ ಹಾಕಿದೆ.

ಅಮ್ಮನಿಗೂ ಅವರಿಗೂ ಅಷ್ಟರಲ್ಲಿ ಚೆನ್ನಾಗಿ ಬಳಕೆಯಾಗಿತ್ತು. ಡಾಕ್ಟರು ದಿನಾ ನಡೆಯಲು ಹೇಳಿದ್ದರಿಂದ ಬೆಳಿಗ್ಗೆ ಅಮ್ಮ ವಾಕರ್ ಹಿಡಿದು ಪಾರ್ಕಿಂಗ್ ಉದ್ದಕ್ಕೂ ಹೋಗಿ ಬರುತ್ತಿದ್ದಳು. ಭಯ್ಯಾ ಅವಳ ದಾರಿಗೆ ಅಡ್ಡವಿದ್ದ ಬೈಕುಗಳನ್ನು ಸರಿಸಿ, ಒದ್ದೆ ನೆಲಕ್ಕೆ ಗೋಣಿಚೀಲ ಹಾಸುತ್ತಿದ್ದರು. ಅಮ್ಮ ಟೀಚರಾಗಿದ್ದಾಗ ಹಿಂದಿ ಪರೀಕ್ಷೆಗಳನ್ನು ಕಟ್ಟಿ ಪಾಸು ಮಾಡಿದ್ದಳು. ಅವಳ ಹಿಂದಿ ಪೂರಾ ಪುಸ್ತಕದ್ದು. "ಭಯ್ಯಾ, ಆಪ್ ನೇ ಅಲ್ಪಾಹಾರ್ ಕಿಯಾ?" ಎಂದು ಅವಳು ಕೇಳಿದರೆ, ಭಯ್ಯಾ ಕೈಯಲ್ಲಿದ್ದ ಬಟ್ಟೆ ಬಿಟ್ಟು ನಗುತ್ತಿದ್ದರು. "ಅಮ್ಮಾಜಿ ಟೀವಿ ಕೀ ತರಹ ಬೋಲ್ತೀ ಹೈಂ," ಟೀವಿಯವರ ಹಾಗೆ ಮಾತಾಡುತ್ತಾರೆ ಎಂದು ಗಾರ್ಡ್‌ಗೆ ಹೇಳುತ್ತಿದ್ದರು. ಅಮ್ಮನಿಗೆ ಅದು ದೊಡ್ಡ ಬಹುಮಾನ. ಇಡೀ ದೆಹಲಿಯಲ್ಲಿ ಅವಳ ಜೊತೆ ನಿಂತು ಮಾತಾಡುತ್ತಿದ್ದವರು ಅವರೊಬ್ಬರೇ. ನಮಗೆಲ್ಲ ಆಫೀಸು, ಸ್ಕೂಲು.

ವಾಕಿಂಗ್ ಮುಗಿಸಿ ಬಂದವಳು ಅವರಿಗೆ ಟೀ ಕಳಿಸುತ್ತಿದ್ದಳು. ಉಪ್ಪಿಟ್ಟು ಮಾಡಿದ ದಿನ ಉಪ್ಪಿಟ್ಟು, ದೋಸೆಯಾದರೆ ದೋಸೆ. ನಾವು ಕುಡಿಯುವ ಸ್ಟೀಲ್ ಲೋಟ, ನಾವು ತಿನ್ನುವ ತಟ್ಟೆ. ನಾನು ಸಣ್ಣವಳಿದ್ದಾಗ ಊರಿನ ಮನೆಯಲ್ಲಿ ಹಿತ್ತಿಲ ಗೂಡಿನಲ್ಲಿ ಬೇರೆ ಲೋಟಗಳಿದ್ದವು, ಕೆಲಸದವರಿಗೆಂದು. ಈಗ ನೋಡಿದರೆ ಅದೇ ಅಮ್ಮ! ಊರು ಬಿಟ್ಟು ಬಂದದ್ದು ಒಳ್ಳೆಯದಾಯಿತು, ವಯಸ್ಸಾದ ಮೇಲೂ ಮನುಷ್ಯರು ಬದಲಾಗುತ್ತಾರೆ ಎಂದು ಆಫೀಸಿನ ಕ್ಯಾಂಟೀನಿನಲ್ಲಿ ಗೆಳತಿಯರಿಗೆ ಹೇಳಿಕೊಂಡು ಬೀಗಿದ್ದೆ. ಅವಳು ಬದಲಾಗಿರಲಿಲ್ಲ. ಅವರು ಯಾವ ಜನ ಎಂದು ಕೇಳಿರಲಿಲ್ಲ ಅಷ್ಟೇ.

ಹೀಗೆ ಎರಡು ಬೇಸಿಗೆ ಕಳೆದವು. ಸೀಟಿನ ಗೆರೆಗಳು ಮುಚ್ಚಿಕೊಂಡವು, ಎಣ್ಣೆಯ ಮಚ್ಚೆಗಳೂ ತಿಳಿಯಾದವು. ಅಮ್ಮ ವಾಸನೆಯ ಮಾತೆತ್ತುವುದನ್ನು ಬಿಟ್ಟಳು.

ಮೂರನೆಯ ಬೇಸಿಗೆ ಇನ್ನೂ ಶುರುವಾಗಿರಲಿಲ್ಲ, ಹೋಳಿ ಕಳೆದ ಮೊದಲ ಭಾನುವಾರ. ಭಯ್ಯಾ ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟು ಸೀಟಿಗೆ ಕ್ರೀಮ್ ತಿಕ್ಕುತ್ತಿದ್ದರು. ಅಮ್ಮನಿಗೆ ಆಗ ವಾಕರ್ ಬೇಕಿರಲಿಲ್ಲ, ಕೋಲು ಸಾಕಾಗಿತ್ತು. ಅವಳು ಮುಂದೆ, ಅವರಿಗೆ ಟೀ ಲೋಟ ಹಿಡಿದು ನಾನು ಹಿಂದೆ, ಇಬ್ಬರೂ ಕೆಳಗೆ ಬಂದೆವು.

ಅಮ್ಮ ಕಾರಿನೊಳಗೆ ಬಗ್ಗಿ ನೋಡಿದಳು. "ಭಯ್ಯಾ, ಆಪ್ ಯಹ ಕ್ಯಾ ಲಗಾ ರಹೇ ಹೈಂ? ರೆಕ್ಸಿನ್ ಕೋ ಭೀ ಕ್ರೀಮ್ ಚಾಹಿಯೇ?" ರೆಕ್ಸಿನ್ನಿಗೂ ಕ್ರೀಮ್ ಬೇಕೇ ಎಂದು ಕೇಳಿದಳು.

ನಾನು ಬಾಯಿ ತೆರೆಯುವುದರೊಳಗೆ ಅವರು ಜೋರಾಗಿ ನಕ್ಕರು. "ರೆಕ್ಸಿನ್? ಅರೇ ಅಮ್ಮಾಜಿ, ಅಸಲೀ ಚಮಡಾ ಹೈ! ದೇಖಿಯೇ." ಹೆಬ್ಬೆರಳಿನಿಂದ ಸೀಟನ್ನು ಒತ್ತಿ ತೋರಿಸಿದರು. ಒತ್ತಿದ ಕಡೆ ಸಣ್ಣ ಸಣ್ಣ ಸುಕ್ಕುಗಳು ಎದ್ದವು. ರೆಕ್ಸಿನ್ ಆದರೆ ಹೀಗೆ ಸುಕ್ಕು ಬರುವುದಿಲ್ಲ, ತಗ್ಗಾಗುತ್ತದೆ ಅಷ್ಟೇ ಎಂದು, ಪಾಠ ಹೇಳುವ ಟೀಚರಿಗೆ ತಾವು ಒಂದು ಪಾಠ ಹೇಳುವ ಸಂತೋಷದಲ್ಲಿ ವಿವರಿಸಿದರು. "ನಮಗಿಂತ ಚೆನ್ನಾಗಿ ಯಾರು ಗುರುತು ಹಿಡೀತಾರೆ ಅಮ್ಮಾಜಿ? ಹಮಾರಾ ತೋ ಖಾನ್‌ದಾನೀ ಕಾಮ್ ಹೈ, ಚಮಡೇ ಕಾ." ಚರ್ಮದ ಕೆಲಸ ತಮ್ಮ ವಂಶದ್ದೇ ಎಂದರು.

ಅಮ್ಮ ಅವರನ್ನು ನೋಡಿದಳು, ಸೀಟನ್ನು ನೋಡಿದಳು, ಆಮೇಲೆ ತಿರುಗಿ ನನ್ನನ್ನು ನೋಡಿದಳು. ಇವತ್ತಿಗೂ ಆ ನೋಟ ನನಗೆ ಹಾಗೇ ನೆನಪಿದೆ. ಕೋಪ ಇರಲಿಲ್ಲ ಅದರಲ್ಲಿ. ಕಾಪಿ ಹೊಡೆದು ಸಿಕ್ಕಿಬಿದ್ದ ಜಾಣ ಹುಡುಗಿಯನ್ನು ನೋಡುವ ನೋಟ.

"ಅಚ್ಛಾ," ಎಂದಳು. ಕೋಲು ಊರಿಕೊಂಡು ಲಿಫ್ಟಿನ ಕಡೆ ನಡೆದಳು. ಭಯ್ಯಾ ನನ್ನ ಕೈಯಿಂದ ಲೋಟ ತೆಗೆದುಕೊಂಡು, "ಅಮ್ಮಾಜಿಗೆ ಹುಷಾರಿಲ್ವಾ?" ಎಂದು ಕೇಳಿದರು. ಮಂಡಿ ನೋವು ಎಂದೆ.

ಮೇಲೆ ಹೋಗಿ ನೋಡಿದರೆ ಅಮ್ಮ ಬಚ್ಚಲಿನಲ್ಲಿದ್ದಳು. ಬೆಳಿಗ್ಗೆ ಸ್ನಾನ ಆಗಿತ್ತು, ಮತ್ತೆ ಮಾಡುತ್ತಿದ್ದಳು. ಹೊರಗೆ ಬಂದವಳು ಒದ್ದೆ ಕೂದಲಲ್ಲೇ ತನ್ನ ಬೀರು ತೆಗೆದು, ಆಸ್ಪತ್ರೆಗೆ ಉಡುತ್ತಿದ್ದ ಸೀರೆಗಳನ್ನೆಲ್ಲ ತೆಗೆದು ಬಕೆಟ್ಟಿಗೆ ಹಾಕತೊಡಗಿದಳು. ಬಗ್ಗಲು ಆಗುತ್ತಿರಲಿಲ್ಲ. ಗೋಡೆ ಹಿಡಿದುಕೊಂಡು ಒಂದೊಂದಾಗಿ ಬಿಡುತ್ತಿದ್ದಳು.

"ಅಮ್ಮ, ನಾನು ವಾಷಿಂಗ್ ಮೆಷಿನ್‌ಗೆ ಹಾಕ್ತೀನಿ ಬಿಡು."

"ಬೇಡ."

"ನಿನಗೆ ನೋವಾಗಬಾರದು ಅಂತಾನೇ ಅಮ್ಮ ನಾನು..."

"ನೋವಾಗುತ್ತೆ ಅಂತ ನಿನಗೆ ಗೊತ್ತಿತ್ತಲ್ಲ," ಎಂದಳು. "ಗೊತ್ತಿದ್ದೂ ಎರಡು ವರ್ಷ ಕೂರಿಸಿದೆ. ಆಸ್ಪತ್ರೆಯಿಂದ ಬಂದು ಅದೇ ಸೀರೇಲಿ ದೇವರ ಮುಂದೆ ದೀಪ ಹಚ್ಚಿದೀನಿ. ನನ್ನನ್ನ ಏನಂದುಕೊಂಡೆ ನೀನು? ಕೂಸು ಅಂದ್ಕೊಂಡ್ಯಾ? ಚರ್ಮ ಅಂತ ಹೇಳಿದ್ರೆ ನಾನು ಆಟೋದಲ್ಲೇ ಹೋಗ್ತಿದ್ದೆ. ನನ್ನ ಕಾಲು, ನನ್ನ ನೋವು."

ಸುಳ್ಳು ಹೇಳಿದ್ದು ನಿಜ. ಅವಳ ಪರವಾಗಿ ನಾನೇ ತೀರ್ಮಾನ ಮಾಡಿದ್ದೂ ನಿಜ. ಆ ಮಾತಿನಲ್ಲಿ ಅವಳು ನೂರಕ್ಕೆ ನೂರು ಸರಿ. ಅದಕ್ಕೇ ನಂತರದ ಮಾತನ್ನು ನಾನು ಎತ್ತದೆ ಹೋದೆ ಎಂದು ಸ್ವಲ್ಪ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಂತರದ ಮಾತು ಎಂದರೆ ಪೇಪರ್ ಕಪ್ಪು. ಮಂಗಳವಾರ ಬೆಳಿಗ್ಗೆ ನಾನು ಆಫೀಸಿಗೆ ಹೊರಡುವಾಗ ಅಡಿಗೆಮನೆಯ ಕಟ್ಟೆಯ ಮೇಲೆ ಪೇಪರ್ ಕಪ್ಪಿನ ಉದ್ದನೆಯ ಕಟ್ಟು ಕಂಡಿತು. ಫೋನ್ ಮಾಡಿ ಕಿರಾಣಿ ಅಂಗಡಿಯಿಂದ ಅಮ್ಮನೇ ತರಿಸಿದ್ದಳು. ಟೀ ನಿಲ್ಲಿಸಲಿಲ್ಲ ಅವಳು. ಹಾಲು ಸಕ್ಕರೆಯಲ್ಲೂ ಕಡಿಮೆ ಮಾಡಲಿಲ್ಲ. ಶುಂಠಿ ಹಾಕಿ ಕುದಿಸಿದ ಅದೇ ಟೀಯನ್ನು ಪೇಪರ್ ಕಪ್ಪಿಗೆ ಬಗ್ಗಿಸಿ ನನ್ನ ಮಗಳ ಕೈಯಲ್ಲಿ ಕೆಳಗೆ ಕಳಿಸಿದಳು. ತಾನು ಹೋಗಲಿಲ್ಲ.

"ಲೋಟ ಏನಾಯ್ತಮ್ಮ?" ಎಂದೆ.

"ತೊಳೆಯೋದು ತಪ್ಪುತ್ತೆ," ಎಂದಳು, ನನ್ನ ಮುಖ ನೋಡದೆ.

ನನಗೆ ಗೊತ್ತಾಯಿತು. ನನಗೆ ಗೊತ್ತಾಯಿತು ಎನ್ನುವುದು ಅವಳಿಗೂ ಗೊತ್ತಾಯಿತು. ಗೋಡೆ ಗಡಿಯಾರ ನೋಡಿ, ಮೆಟ್ರೋ ತಪ್ಪುತ್ತದೆಂದು ಚಪ್ಪಲಿ ಮೆಟ್ಟಿದೆ. ಲಿಫ್ಟಿನಲ್ಲಿ ಮಗಳು ಕಪ್ಪನ್ನು ಕೈಯಿಂದ ಕೈಗೆ ಬದಲಾಯಿಸುತ್ತ, "ಮಮ್ಮಿ, ಭಯ್ಯಾಗೆ ಪೇಪರ್ ಕಪ್ ಕ್ಯೂಂ? ಬಹುತ್ ಗರಂ ಹೈ ಯಾರ್, ಕೈ ಸುಡ್ತಾ ಇದೆ. ಗ್ಲಾಸ್ ಎಲ್ಲಾ ಖತಂ ಆಯ್ತಾ?" ಎಂದು ಕೇಳಿದಳು. ಅವಳಿಗೆ ಆಗ ಹದಿಮೂರು. ನಿಜ ಹೇಳಿದರೆ ಅರ್ಥವಾಗುವ ವಯಸ್ಸು.

"ಅಜ್ಜಿಗೆ ತೊಳೆಯೋಕೆ ಕಷ್ಟ ಅಲ್ವಾ, ಅದಕ್ಕೆ," ಎಂದೆ.

ಹಾಗೆ ಅಮ್ಮನ ಮಾತನ್ನು ನಾನೇ ನನ್ನ ಬಾಯಿಂದ ನನ್ನ ಮಗಳಿಗೆ ದಾಟಿಸಿದೆ.

ಭಯ್ಯಾ ಮೊದಲ ದಿನ ಕಪ್ಪು ತೆಗೆದುಕೊಂಡು ಒಮ್ಮೆ ಅದನ್ನು ನೋಡಿದರು. ಆಮೇಲೆ ತಲೆಯೆತ್ತಿ ನಮ್ಮ ಬಾಲ್ಕನಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಟೀ ಕುಡಿದು, ಖಾಲಿ ಕಪ್ಪನ್ನು ಮಡಚಿ ತಮ್ಮ ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಕಸದ ಡಬ್ಬಿ ಎರಡು ಹೆಜ್ಜೆ ಆಚೆಗಿತ್ತು. ಮಾರನೆಯ ದಿನವೂ ಕುಡಿದರು. ಶುಕ್ರವಾರ ಮಗಳು ಕಪ್ಪು ವಾಪಸ್ ತಂದಳು. "ಭಯ್ಯಾ ಟೀ ಬಿಟ್ಟುಬಿಟ್ರಂತೆ. ಡಾಕ್ಟರ್ ಮನಾ ಮಾಡಿದಾರಂತೆ." ಅವತ್ತು ನಾನು ಗೇಟು ದಾಟುವಾಗ ಅವರು ಗಾರ್ಡ್‌ನ ಕೋಣೆಯ ಮೆಟ್ಟಿಲ ಮೇಲೆ ಕೂತು ಗಾಜಿನ ಲೋಟದಲ್ಲಿ ಟೀ ಕುಡಿಯುತ್ತಿದ್ದರು. ನನ್ನನ್ನು ನೋಡಿ ಲೋಟ ಮುಚ್ಚಿಡಲಿಲ್ಲ. "ನಮಸ್ತೇ ಮೇಡಂ" ಎಂದರು, ಎಂದಿನಂತೆ. ನಾನೇ ಹೆಜ್ಜೆ ಬೇಗ ಹಾಕಿದೆ.

ಅಮ್ಮ ಕಾರು ಹತ್ತುವುದಿಲ್ಲ ಎಂದಳು. ಫಿಸಿಯೋಥೆರಪಿ ಆಗ ವಾರಕ್ಕೆ ಒಂದೇ ದಿನ ಇತ್ತು, ಫೋನಿನಲ್ಲಿ ಕ್ಯಾಬ್ ಕರೆಸಿಕೊಂಡು ಹೋಗತೊಡಗಿದಳು. ಬರುವ ಕ್ಯಾಬಿನ ಸೀಟು ಬಟ್ಟೆಯದೋ ರೆಕ್ಸಿನ್ನೋ ಮತ್ತೊಂದೋ ಎಂದು ಒಂದು ದಿನವೂ ಅವಳು ಬಗ್ಗಿ ನೋಡಿದ್ದು ನಾನು ಕಾಣೆ. ಗಂಡ, "ಬಟ್ಟೆ ಕವರ್ ಹಾಕಿಸಿಬಿಡು, ಕಥೆ ಮುಗೀತು" ಎಂದರು. ಅವರಿಗೆ ಎಲ್ಲ ಕಥೆಯೂ ಹಾಗೆ ಮುಗಿಯುತ್ತದೆ. ದಪ್ಪ ಬಟ್ಟೆಯ ಕವರ್ ಹಾಕಿಸಿದೆ. ಎರಡು ತಿಂಗಳ ಮೇಲೆ, ಬಿಸಿಲು ತಡೆಯಲಾಗದೆ, ಕವರಿನ ಮೇಲೆ ತನ್ನದೊಂದು ಉಣ್ಣೆಯ ಆಸನ ಹಾಸಿಕೊಂಡು ಅಮ್ಮ ಮತ್ತೆ ಕೂತಳು. ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ. ಆಮೇಲಾಮೇಲೆ ಮಾತಾಡಿದಳು, ಸಿಗ್ನಲ್ ಬಗ್ಗೆ, ಹೊಗೆಯ ಬಗ್ಗೆ, ಟೊಮೇಟೊ ಬೆಲೆಯ ಬಗ್ಗೆ.

ಕವರ್ ಬಂದ ಮೇಲೆ ಭಯ್ಯಾಗೆ ಸೀಟಿನ ಕೆಲಸ ಇಲ್ಲವಾಯಿತು. ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಸಾಲಿಗೆ ಬೇರೊಬ್ಬ ಬಂದ. ಹೊಸಬ ಬಕೆಟ್ಟಿನ ಕೊಳೆ ನೀರಿನಲ್ಲೇ ಗಾಜು ಒರೆಸಿ ಐದು ನಿಮಿಷಕ್ಕೆ ಮುಗಿಸುತ್ತಿದ್ದ. ಗಾರ್ಡ್‌ನನ್ನು ಕೇಳಿದೆ. ಭಯ್ಯಾ ತಾವೇ ಕೇಳಿಕೊಂಡು ಹಿಂದಿನ ಬ್ಲಾಕಿನ ಸಾಲಿಗೆ ಬದಲಾಯಿಸಿಕೊಂಡಿದ್ದರಂತೆ. ಯಾರ ಮೇಲೂ ದೂರು ಹೇಳಿರಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ದಿನ ಕವರ್ ಒಗೆಯಲೆಂದು ಬಿಚ್ಚಿದೆ. ಕೆಳಗಿನ ಚರ್ಮದ ಮೇಲೆಲ್ಲ ಬಿಳಿ ಬೂಷ್ಟು ಹಿಡಿದಿತ್ತು. ಮಳೆಯ ತೇವವೆಲ್ಲ ಕವರಿನಡಿ ನಿಂತು ಹಾಗಾಗಿತ್ತು. ಡಬ್ಬಿ ತೆಗೆದು ನೋಡಿದರೆ ಕ್ರೀಮ್ ತಳದಲ್ಲಿ ಒಣಗಿ ಕುಳಿತಿತ್ತು. ಆ ಡಬ್ಬಿ ಹಿಡಿದು ನಾನು ಹಿಂದಿನ ಬ್ಲಾಕಿಗೆ ಹೋದೆ. ಕ್ಷಮೆ ಕೇಳುವುದಕ್ಕೆ ಹೊರಟಿದ್ದೆ ಎಂದು ಹೇಳಿಕೊಳ್ಳಲು ಇಷ್ಟ. ಹೋದದ್ದು ಕ್ರೀಮಿಗೆ.

ಅವರು ಒಂದು ದೊಡ್ಡ ಗಾಡಿಯ ಬಾನೆಟ್ ಒರೆಸುತ್ತಿದ್ದರು. ಡಬ್ಬಿ ನೋಡಿದ ಕೂಡಲೇ ಅರ್ಥವಾಯಿತು.

"ವೋ ಅಬ್ ನಹೀಂ ಮಿಲೇಗಾ ಮೇಡಂ," ಎಂದರು. ಅದು ಇನ್ನು ಸಿಗುವುದಿಲ್ಲ, ಭಾವಮೈದುನ ಆ ಕಾರ್ಖಾನೆ ಬಿಟ್ಟನಂತೆ. "ಮಾರ್ಕೆಟ್‌ನಲ್ಲಿ ಒಳ್ಳೊಳ್ಳೆ ಕಂಪನಿದು ಸಿಗುತ್ತೆ, ಅದನ್ನೇ ತಗೊಳ್ಳಿ."

ನಿಜವೇ ಇರಬಹುದು. ಡಾಕ್ಟರು ಟೀ ಬೇಡವೆಂದದ್ದೂ ನಿಜವಿರಬಹುದು. ನಾನು ಅಲ್ಲೇ ನಿಂತೆ. ಅವರು ಬಟ್ಟೆ ಹಿಂಡಿ ಮತ್ತೆ ಒರೆಸತೊಡಗಿದರು. ಆಗ ನನ್ನ ಬಾಯಿಂದ ಬಂದದ್ದು ಇದು: "ಭಯ್ಯಾ, ಅಮ್ಮ ಪುರಾನೇ ಖಯಾಲ್ ಕೀ ಹೈಂ. ಬುರಾ ಮತ್ ಮಾನಿಯೇಗಾ." ಅಮ್ಮ ಹಳೇ ಕಾಲದವಳು, ಬೇಜಾರು ಮಾಡಿಕೊಳ್ಳಬೇಡಿ ಎಂದೆ. ಎಲ್ಲವನ್ನೂ ಅವಳ ತಲೆಗೆ ಕಟ್ಟಿ ನಾನು ಹೊಸ ಕಾಲದವಳಾಗಿ ನಿಂತೆ.

ಅವರು ಕೈ ನಿಲ್ಲಿಸಿ ನನ್ನ ಮುಖವನ್ನು ನೇರವಾಗಿ ನೋಡಿದರು. "ಕೌನ್ ಸೀ ಬಾತ್ ಮೇಡಂ?"

ಯಾವ ವಿಷಯ? ಅದನ್ನು ನಾನೇ ಬಿಡಿಸಿ ಹೇಳಬೇಕಿತ್ತು. ಲೋಟ ಎನ್ನಬೇಕಿತ್ತು, ಪೇಪರ್ ಕಪ್ಪು ಎನ್ನಬೇಕಿತ್ತು, ಜಾತಿ ಎನ್ನಬೇಕಿತ್ತು. ಅವರು ಕಾದರು. ಬಟ್ಟೆಯಿಂದ ನೀರು ಅವರ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು. "ಏನಿಲ್ಲ, ಸುಮ್ಮನೆ," ಎಂದು ನಾನು ಹಿಂದಿರುಗಿದೆ.

ಕರೋಲ್ ಬಾಗ್‌ಗೆ ಹೋಗಲಿಲ್ಲ, ಫೋನಿನಲ್ಲೇ ತರಿಸಿದೆ. ಮಧ್ಯಮ ಬೆಲೆಯದು, ವಿಮರ್ಶೆ ಓದಿ ಆರಿಸಿದ್ದು. ಕೆಲಸ ಮಾಡುತ್ತದೆ. ಹೊಸ ಚರ್ಮದ ಘಮ ಕಾರಿನ ತುಂಬ ಹರಡುತ್ತದೆ. ಮುಚ್ಚಿಡುವುದಕ್ಕೆ ಇನ್ನೇನೂ ಇಲ್ಲದ್ದರಿಂದ ಅದೂ ನಡೆಯುತ್ತದೆ. ಬೂಷ್ಟು ಹೋಯಿತು, ಆದರೆ ಹಿಂದಿನ ಸೀಟಿನ ನಡುವೆ ಉದ್ದಕ್ಕೆ ಒಂದು ಸೀಳು ಬಿಟ್ಟಿತು. ಅದಕ್ಕೆ ಯಾವ ಕ್ರೀಮೂ ಹಿಡಿಯಲಿಲ್ಲ.

ಈ ಚಳಿಗಾಲದಲ್ಲಿ ಒಂದು ಭಾನುವಾರ ಅಮ್ಮ, ನಾನು ಬಾಲ್ಕನಿಯ ಬಿಸಿಲಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಬೆಂಗಳೂರಿನಿಂದ ಬಂದ ಗಂಡನ ಸಹೋದ್ಯೋಗಿಯೊಬ್ಬರು ತಂದುಕೊಟ್ಟದ್ದು. ಕೆಳಗೆ ಹೊಸಬ ಕಾರು ಒರೆಸುವುದನ್ನು ಸ್ವಲ್ಪ ಹೊತ್ತು ನೋಡುತ್ತಿದ್ದ ಅಮ್ಮ ತಾನಾಗಿಯೇ ಕೇಳಿದಳು.

"ಮುಂಚೆ ಬರ್ತಿದ್ದನಲ್ಲ ಆ ಭಯ್ಯಾ, ಅವನು ಯಾಕೆ ಬರಲ್ವೇ ಈಗ?"

ನಾನು ಅವಳ ಮುಖ ನೋಡಿದೆ. ನಿಜಕ್ಕೂ ಕೇಳುತ್ತಿದ್ದಾಳೋ, ನನ್ನಿಂದ ಹೇಳಿಸಬೇಕೆಂದು ಕೇಳುತ್ತಿದ್ದಾಳೋ ತಿಳಿಯಲಿಲ್ಲ.

"ಹಿಂದಿನ ಬ್ಲಾಕಿಗೆ ಹಾಕಿದಾರಮ್ಮ."

"ಹೌದಾ. ಪಾಪ, ಒಳ್ಳೆಯವನು," ಎಂದಳು. "ಎಷ್ಟು ಗೌರವದಿಂದ ಮಾತಾಡೋನು. ಈಗ ಇಲ್ಲಿ ಹಿಂದಿ ಮಾತಾಡೋಕೆ ಒಬ್ಬರೂ ಇಲ್ಲ ನೋಡು ನನಗೆ."

ಹೌದಮ್ಮ ಎಂದೆ. 'ನೀನೇ ಕಳಿಸಿದೆ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಂದರೆ 'ನೀನೂ' ಎಂದು ಅವಳು ಅನ್ನುತ್ತಿದ್ದಳು, ಅದೂ ಸರಿಯೇ ಆಗಿರುತ್ತಿತ್ತು. ಅಮ್ಮ ಒಂದು ಹುಳುಕು ಕಾಯಿ ಆರಿಸಿ ಪಕ್ಕಕ್ಕೆ ಹಾಕಿದಳು. ಬಿಸಿಲು ಸರಿದು ಅವಳ ಮಂಡಿಗಳ ಮೇಲೆ ಬಿದ್ದಿತ್ತು. ಒಳಗೆ ಕುಕ್ಕರ್ ಕೂಗಿತು, ನಾನು ಎದ್ದು ಹೋದೆ.